ರೇಸ್ ಇಲ್ಲದ ತಿಂಗಳುಗಳನ್ನು ದಾಟುವುದು ಹೇಗೆ: ಹವ್ಯಾಸಿ ಓಟಗಾರರಿಗೆ ಮೇಯಿಂದ ಜುಲೈವರೆಗಿನ ಮಾರ್ಗದರ್ಶಿ

ಏಪ್ರಿಲ್ ಕೊನೆಯ ಭಾನುವಾರ ಬೆಂಗಳೂರಿನ ವರ್ಲ್ಡ್ 10ಕೆ (ಹತ್ತು ಕಿಲೋಮೀಟರ್ ಓಟ) ಮುಗಿಯುತ್ತದೆ. ಮೆಡಲ್ ಗೋಡೆಯ ಮೊಳೆಗೆ ಹೋಗುತ್ತದೆ, ಫೋಟೋ ಸ್ಟೇಟಸ್‌ಗೆ ಹೋಗುತ್ತದೆ. ಮಾರನೇ ದಿನ ಐದಕ್ಕೆ ಅಲಾರಂ ಹೊಡೆದಾಗ ಏಳುವುದಕ್ಕೆ ಕಾರಣವೇ ಸಿಗುವುದಿಲ್ಲ. ಹೈದರಾಬಾದ್ ಮ್ಯಾರಥಾನ್ ಇರುವುದು ಆಗಸ್ಟ್ ಕೊನೆಗೆ. ಲಡಾಖ್, ಸಾತಾರಾ ಸೆಪ್ಟೆಂಬರ್‌ನಲ್ಲಿ. ದೆಹಲಿ ಹಾಫ್ ಮ್ಯಾರಥಾನ್ ಅಕ್ಟೋಬರ್‌ನಲ್ಲಿ. ಮುಂಬೈ ಅಂತೂ ಜನವರಿಯ ಮೂರನೇ ಭಾನುವಾರ. ನಡುವೆ ಬಿಸಿಲು, ಮದುವೆಗಳು, ಮಾವಿನ ಹಣ್ಣು, ಮಕ್ಕಳ ರಜೆ, ಆಮೇಲೆ ಮಳೆ.

ಈ ಹತ್ತು-ಹನ್ನೊಂದು ವಾರ ಮನಸ್ಸು ಕುಸಿಯುವುದಕ್ಕೆ ಸೋಮಾರಿತನ ಕಾರಣ ಅಲ್ಲ. ಗುರಿ ಇತ್ತು, ಈಗ ಇಲ್ಲ, ಅಷ್ಟೇ. ಆಗ ಕೆಲವರು ರೇಸ್ ಕಾಲದ ಪ್ಲಾನನ್ನೇ ಅರ್ಧ ಮನಸ್ಸಿನಿಂದ ಎಳೆಯುತ್ತಾರೆ. ಇನ್ನು ಕೆಲವರು ಪೂರ್ತಿ ಬಿಟ್ಟು, ಜುಲೈನಲ್ಲಿ ಗಾಬರಿಯಿಂದ ಶುರು ಮಾಡಿ, ಆಗಸ್ಟ್‌ನಲ್ಲಿ ಫಿಸಿಯೋ ಮುಂದೆ ಕೂತಿರುತ್ತಾರೆ. ಎರಡೂ ಬೇಡ. ಕೊಯ್ಲು ಮುಗಿದ ಮೇಲೆ ರೈತರು ಹೊಲವನ್ನು ಸುಮ್ನೆ ಬಿಡುವುದಿಲ್ಲ, ಹಾಗಂತ ಬಿತ್ತುವುದೂ ಇಲ್ಲ. ಮಾಗಿ ಉಳುಮೆ ಮಾಡುತ್ತಾರೆ. ಮಣ್ಣು ತಿರುವಿ ಬಿಟ್ಟರೆ ಬಿಸಿಲಿಗೆ ಕಳೆಯ ಬೇರು ಒಣಗುತ್ತದೆ, ಹುಳದ ಮೊಟ್ಟೆ ಸಾಯುತ್ತದೆ, ಮೊದಲ ಮಳೆಯ ನೀರು ಒಳಗಿಳಿಯುತ್ತದೆ. ಆಫ್ ಸೀಸನ್‌ಗೂ ಹೀಗೆ ಅದರದ್ದೇ ಆದ ಕೆಲಸ ಇದೆ. ಆ ಕೆಲಸ ಏನು ಅಂತ ಗೊತ್ತಾದರೆ ಉತ್ಸಾಹವನ್ನು ಬೇರೆ ಹುಡುಕಿಕೊಂಡು ಹೋಗಬೇಕಿಲ್ಲ.

ಇಲ್ಲಿ ಹೇಳುವುದು 10ಕೆ, ಹಾಫ್ (21 ಕಿಲೋಮೀಟರ್), ಫುಲ್ (42 ಕಿಲೋಮೀಟರ್) ಓಡುವ, ಆಫೀಸು-ಮನೆ ಎರಡನ್ನೂ ತೂಗಿಸುವ ಜನರಿಗೆ. ಬ್ರೆವೆ ಅಂದರೆ ನಿಗದಿತ ಹೊತ್ತಿನೊಳಗೆ ಬಹುದೂರ ಮುಗಿಸುವ ಸೈಕಲಿಸ್ಟ್‌ಗಳ ವರ್ಷ ನವೆಂಬರ್‌ನಿಂದ ಅಕ್ಟೋಬರ್‌ವರೆಗೆ, ಅವರ ಲೆಕ್ಕ ಬೇರೆ. ಆದರೂ ಮಳೆಗಾಲಕ್ಕೆ ಅವರಿಗೂ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 1: ಮೊದಲು ನಿಜವಾಗಿ ನಿಲ್ಲಿಸಿ

10ಕೆ ಮಾತ್ರ ಓಡಿದ್ದರೆ ಒಂದು ವಾರ. ಹೋದ ಆಗಸ್ಟ್‌ನಿಂದ ಹಾಫ್, ಫುಲ್ ಅಂತ ಎಳೆದುಕೊಂಡು ಬಂದಿದ್ದರೆ ಎರಡು ವಾರ. ಓಟ ಪೂರ್ತಿ ಬಂದ್. ವಾಕಿಂಗ್ ಮಾಡಿ, ಮಕ್ಕಳ ಜೊತೆ ಶಟ್ಲ್ ಆಡಿ, ತೊಂದರೆ ಇಲ್ಲ. ಆದರೆ "ಸುಮ್ನೆ ಐದು ಕಿಲೋಮೀಟರ್ ಕಾಲು ಸಡಿಲ ಮಾಡ್ಕೊಂಡು ಬರ್ತೀನಿ" ಅನ್ನುವ ಮಾತು ಬೇಡ. ಆ ಐದು ಹೇಗೆ ಎಂಟಾಗುತ್ತದೆ ಅಂತ ನಮಗೆಲ್ಲ ಗೊತ್ತಿದೆ, ಅಲ್ವಾ?

ಇಲ್ಲಿ ಕಾಡುವುದು ಭಯ. ಕಷ್ಟಪಟ್ಟು ಕಟ್ಟಿದ ದಮ್ಮು ಹೋಗಿಬಿಡುತ್ತೆ ಅಂತ. ಲೆಕ್ಕ ನೋಡೋಣ. ಓಟ ನಿಲ್ಲಿಸಿದ ಕೆಲವೇ ದಿನಗಳಲ್ಲಿ ರಕ್ತದ ಪ್ಲಾಸ್ಮಾ ಪ್ರಮಾಣ ಇಳಿಯಲು ಶುರುವಾಗುತ್ತದೆ. ಅದಕ್ಕೇ ವಾಪಸ್ ಬಂದ ಮೊದಲ ದಿನ ಎದೆ ಬಡಿತ ಜಾಸ್ತಿ ಇರುತ್ತದೆ. ಚೆನ್ನಾಗಿ ತರಬೇತಿ ಆದವರು ಪೂರ್ತಿ ನಿಲ್ಲಿಸಿದರೆ, ಎರಡು-ಮೂರು ವಾರದ ಹೊತ್ತಿಗೆ ವಿಒ2 ಮ್ಯಾಕ್ಸ್ (ಮೈ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ) ಶೇ 5ರಿಂದ 7ರಷ್ಟು ಇಳಿಯುತ್ತದೆ. ಇಳಿದದ್ದು ಮತ್ತೆ ಓಡಿದರೆ ಬೇಗ ಬರುತ್ತದೆ. ಹಿಮ್ಮಡಿ ಸ್ನಾಯುರಜ್ಜಿನ (ಅಕಿಲಿಸ್) ಊತ ಹಾಗಲ್ಲ. ಅದನ್ನು ಇಟ್ಟುಕೊಂಡೇ ಓಡಿದರೆ ತಿಂಗಳುಗಟ್ಟಲೆ ಕೂರಿಸುತ್ತದೆ.

ಈ ಎರಡು ವಾರ ವಾಚ್ ಡ್ರಾಯರ್‌ನಲ್ಲಿರಲಿ. ಗಾರ್ಮಿನ್ ಕಟ್ಟಿಕೊಂಡವರಿಗೆ ಗೊತ್ತಿರುತ್ತದೆ: ನಾಲ್ಕು ದಿನ ಓಡದಿದ್ದರೆ ಅದು ಮುಖ ಸಿಂಡರಿಸುತ್ತದೆ. ಇನ್ನಷ್ಟು ದಿನ ಬಿಟ್ಟರೆ "ಡಿಟ್ರೇನಿಂಗ್" (ತರಬೇತಿಯ ಫಲ ಇಳಿಯುತ್ತಿದೆ) ಅಂತ ಬರೆಯುತ್ತದೆ. ಕೆಲವೊಮ್ಮೆ ಬೆವರು ಸುರಿಸಿ ಓಡಿ ಬಂದರೂ "ಅನ್‌ಪ್ರೊಡಕ್ಟಿವ್" ಅನ್ನುತ್ತದೆ. ಮದುವೆ ಮನೆಯಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಳ್ಳುವಾಗ ಕೈಮೇಲೆ ಆ ಅಕ್ಷರ ಕಾಣುವುದು ಯಾರಿಗೆ ಬೇಕು?

ತೂಕ ಒಂದು-ಎರಡು ಕೆಜಿ ಏರುತ್ತದೆ. ಏರಲಿ. ರೇಸ್ ದಿನದ ತೂಕದಲ್ಲೇ ವರ್ಷವಿಡೀ ಇರಬೇಕು ಅಂತ ಹಟ ಹಿಡಿದವರು ಸುಸ್ತು, ನೆಗಡಿ, ಸಿಡಿಮಿಡಿ ಮೂರನ್ನೂ ಮನೆಗೆ ಕರೆದುಕೊಂಡು ಬರುತ್ತಾರೆ. ಮಾವಿನ ಹಣ್ಣು ತಿನ್ನಿ. ನಿದ್ದೆಯಲ್ಲಿ ಮಾತ್ರ ರಾಜಿ ಬೇಡ. ಐಪಿಎಲ್ ಮ್ಯಾಚ್ ಹನ್ನೊಂದೂವರೆ ಆದರೂ ಮುಗಿಯುವುದಿಲ್ಲ. ದಿನಾ ನೋಡುತ್ತಾ ಕೂತರೆ ವಿಶ್ರಾಂತಿ ಹೆಸರಿಗಷ್ಟೇ.

ಹೆಜ್ಜೆ 2: ಹೋದ ಸೀಸನ್‌ನ ಲೆಕ್ಕ ಬರೆಯಿರಿ

ಎರಡನೇ ವಾರದಲ್ಲಿ ಒಂದು ಸಂಜೆ ಸಾಕು. ಆ್ಯಪ್ ಬೇಡ, ಕಾಗದ ಪೆನ್ನು ಹಿಡಿಯಿರಿ. ಎಲ್ಲಿ ನೋವು ಬಂತು? ಯಾವ ವರ್ಕೌಟ್‌ಗೆ ಸದಾ ನೆಪ ಹೇಳಿದಿರಿ? ಯಾವ ಓಟ ಮುಗಿಸಿ ಖುಷಿಯಾಗಿ ಮನೆಗೆ ಬಂದಿರಿ?

ಮೊದಲ ಎರಡು ಪ್ರಶ್ನೆ ನಿಮ್ಮ ದೌರ್ಬಲ್ಯ ತೋರಿಸುತ್ತವೆ. 30 ಕಿಲೋಮೀಟರ್ ದಾಟಿದ ಮೇಲೆ ಸೊಂಟ ಕುಸಿದಿದ್ದರೆ ಶಕ್ತಿ ಸಾಲದು. ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಎಲ್ಲರೂ ದಾಟಿ ಹೋಗಿದ್ದರೆ ವೇಗ ಸಾಲದು. ನಂದಿ ಬೆಟ್ಟದ ತಿರುವಿನಲ್ಲಿ ನಡೆದಿದ್ದರೆ ಏರು ಓಡಿ ಅಭ್ಯಾಸ ಇಲ್ಲ. ಇವುಗಳಲ್ಲಿ ಒಂದನ್ನು ಆರಿಸಿ. ಒಂದೇ. ಮೂರನ್ನೂ ಸರಿ ಮಾಡ್ತೀನಿ ಅಂತ ಹೊರಟರೆ ಜೂನ್ ಎರಡನೇ ವಾರಕ್ಕೆ ಒಂದೂ ಉಳಿದಿರುವುದಿಲ್ಲ.

ಮೂರನೇ ಪ್ರಶ್ನೆಯ ಉತ್ತರವನ್ನು ಮುಂದಿನ ತಿಂಗಳುಗಳ ಭಾನುವಾರಕ್ಕೆ ತೆಗೆದಿಡಿ. ಲಾಲ್‌ಬಾಗ್‌ನಲ್ಲಿ ಗೆಳೆಯರ ಜೊತೆ ಹರಟುತ್ತಾ ಓಡಿದ್ದೇ ಚೆಂದ ಅನ್ನಿಸಿದ್ದರೆ, ಆಫ್ ಸೀಸನ್ ಪೂರ್ತಿ ಅದನ್ನೇ ಮಾಡಿ.

ಹೆಜ್ಜೆ 3: ಕನಿಷ್ಠ ಎಷ್ಟು ಅಂತ ತೀರ್ಮಾನಿಸಿ

ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಸೀಸನ್‌ನಲ್ಲಿ ನಾವು "ಎಷ್ಟು ಜಾಸ್ತಿ ಮಾಡಬಹುದು" ಅಂತ ಕೇಳುತ್ತೇವೆ. ಈಗ ಕೇಳಬೇಕಾದದ್ದು "ಎಷ್ಟು ಕಮ್ಮಿ ಮಾಡಿದರೂ ನಡೆಯುತ್ತದೆ" ಅಂತ.

ಇದಕ್ಕೆ ಒಳ್ಳೆಯ ಉತ್ತರ ಇದೆ. 1980ರ ದಶಕದ ಮೊದಲರ್ಧದಲ್ಲಿ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ರಾಬರ್ಟ್ ಹಿಕ್ಸನ್ ಮತ್ತು ಜೊತೆಗಾರರು ಕೆಲವರಿಗೆ ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಜೋರು ತರಬೇತಿ ಕೊಟ್ಟರು. ಆಮೇಲೆ 15 ವಾರ ಅದನ್ನು ಕಡಿಮೆ ಮಾಡಿ ನೋಡಿದರು. ಆರು ದಿನವನ್ನು ಎರಡಕ್ಕೆ ಇಳಿಸಿದರೂ, ಬಿರುಸು ಮೊದಲಿನಷ್ಟೇ ಇದ್ದಾಗ, ವಿಒ2 ಮ್ಯಾಕ್ಸ್ ಉಳಿಯಿತು. 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಉಳಿಯಿತು. ಬಿರುಸು ಇಳಿಸಿದಾಗ ಮಾತ್ರ ಕೆಳಗೆ ಬಂತು.

ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ. ಆಫ್ ಸೀಸನ್ ಅಂದ ಕೂಡಲೇ ಜೋರು ಓಟ ಬಿಟ್ಟು, ಗಂಟೆಗಟ್ಟಲೆ ನಿಧಾನಕ್ಕೆ ಸುತ್ತುತ್ತೇವೆ. ಅದಕ್ಕೆ ಹೊತ್ತು ಜಾಸ್ತಿ ಬೇಕು, ಹೊತ್ತು ಸಿಗುವುದಿಲ್ಲ, ಕೊನೆಗೆ ಅದೂ ನಿಂತು ಹೋಗುತ್ತದೆ. ಬದಲಿಗೆ ವಾರಕ್ಕೆ ಮೂರು ಓಟ ಇಟ್ಟುಕೊಳ್ಳಿ:

ಮಂಗಳವಾರ ಬಿರುಸು. 10 ನಿಮಿಷ ಮೈ ಬಿಸಿ ಮಾಡಿ, 3 ನಿಮಿಷ ಜೋರು, 2 ನಿಮಿಷ ನಿಧಾನ. ಹೀಗೆ ಐದು ಸಲ. ಜೋರು ಅಂದರೆ ಒಂದೆರಡು ಪದ ಮಾತ್ರ ಆಡಲು ಆಗಬೇಕು, ವಾಕ್ಯ ಆಗಬಾರದು. ಎಲ್ಲ ಸೇರಿ 45 ನಿಮಿಷದೊಳಗೆ ಮನೆಗೆ ವಾಪಸ್.

ಗುರುವಾರ 30 ನಿಮಿಷ ಆರಾಮಾಗಿ.

ಭಾನುವಾರ 60ರಿಂದ 75 ನಿಮಿಷ, ಮಾತಾಡುತ್ತಾ ಓಡುವ ವೇಗದಲ್ಲಿ. ದೂರ ಲೆಕ್ಕ ಹಾಕಬೇಡಿ, ಹೊತ್ತು ನೋಡಿ. ಇದನ್ನು ಯಾಕೆ ಬಿಡಬಾರದು ಅಂದರೆ, ಹಿಕ್ಸನ್ ಪ್ರಯೋಗದಲ್ಲಿ ದಿನಕ್ಕೆ 13 ನಿಮಿಷಕ್ಕೆ ಇಳಿದವರ ವಿಒ2 ಮ್ಯಾಕ್ಸ್ ಉಳಿದರೂ, ಬಹಳ ಹೊತ್ತು ತಾಳುವ ಶಕ್ತಿ ಇಳಿದಿತ್ತು.

ಮೂರನೇ ವಾರದಿಂದಲೇ ಬಿರುಸಿಗೆ ಕೈ ಹಾಕಬೇಡಿ. ವಾಪಸ್ ಬಂದ ಮೊದಲ ವಾರ ಮೂರೂ ಓಟ ನಿಧಾನ. ಅದರ ಮುಂದಿನ ವಾರ ಜೋರಿನ ಸರದಿ ಮೂರೇ ಸಲ. ಆಮೇಲೆ ಐದು.

ಇದರ ಕೆಳಗೆ ಇನ್ನೊಂದು ಮೆಟ್ಟಿಲು ಇರಲಿ. ಏನೂ ಆಗದ ವಾರಕ್ಕೆ. ಆಫೀಸಿನ ರಿಲೀಸ್ ಇದೆ, ಮಗುವಿಗೆ ಜ್ವರ, ಊರಲ್ಲಿ ಗೃಹಪ್ರವೇಶ. ಅಂಥ ವಾರಕ್ಕೆ ಎರಡು ಸಲ 15 ನಿಮಿಷ. ಅಷ್ಟಾದರೆ ಆ ವಾರ ಪಾಸ್. ಈ ಸಂಖ್ಯೆಯನ್ನು ಮೊದಲೇ ಬರೆದಿಟ್ಟಿರಬೇಕು. ಆ ದಿನ ಕೂತು ಚೌಕಾಸಿ ಮಾಡಿದರೆ ಸೋಫಾವೇ ಗೆಲ್ಲುತ್ತದೆ.

ಹೆಜ್ಜೆ 4: ದಂಡ, ಬಸ್ಕಿ, ನೀರಿನ ಕ್ಯಾನ್

ಓಟ ಕಮ್ಮಿಯಾದಾಗ ಉಳಿಯುವ ಹೊತ್ತನ್ನು ಶಕ್ತಿ ವ್ಯಾಯಾಮಕ್ಕೆ ಕೊಡಿ. ವಾರಕ್ಕೆ ಎರಡು ಸಲ, ತಲಾ ಅರ್ಧ ಗಂಟೆ. ಸೋಮವಾರ ಮತ್ತು ಶುಕ್ರವಾರ ಅಂತ ಇಟ್ಟುಕೊಳ್ಳಿ. ಸೀಸನ್‌ನಲ್ಲಿ ಇದನ್ನು ಶುರು ಮಾಡಿದರೆ ಕಾಲು ಹಿಡಿದುಕೊಂಡು ಲಾಂಗ್ ರನ್ ಹಾಳಾಗುತ್ತದೆ. ಈಗ ಎರಡು ದಿನ ಮೆಟ್ಟಿಲು ಇಳಿಯಲಾಗದಿದ್ದರೂ ನಷ್ಟ ಇಲ್ಲ. ಶಕ್ತಿ ಬಂದರೆ ಅದೇ ವೇಗಕ್ಕೆ ಖರ್ಚಾಗುವ ಆಮ್ಲಜನಕ ಕಮ್ಮಿಯಾಗುತ್ತದೆ, ಗಾಯವೂ ಕಮ್ಮಿಯಾಗಬಹುದು.

ಗರಡಿ ಮನೆಯ ಬಸ್ಕಿ, ದಂಡ ನಮಗೆ ಹೊಸದಲ್ಲ. ಪೈಲ್ವಾನರು ನೂರುಗಟ್ಟಲೆ ಹೊಡೆಯುತ್ತಾರೆ, ಅದು ಕುಸ್ತಿಗೆ ಬೇಕು. ಓಟಗಾರರಿಗೆ ಬೇಕಾದದ್ದು ಸಂಖ್ಯೆ ಕಮ್ಮಿ, ಭಾರ ಜಾಸ್ತಿ, ವೇಗ ನಿಧಾನ. ದಮ್ಮಿನ ಕೆಲಸ ಓಟದಲ್ಲೇ ಆಗುತ್ತಿದೆ, ಇಲ್ಲೂ ಅದನ್ನೇ ಮಾಡುವುದು ದಂಡ. ಶ್ಲೇಷೆ ಬೇಕಂತ ಮಾಡಿದ್ದಲ್ಲ.

ಮನೆಯಲ್ಲೇ ಮಾಡುವ ಕ್ರಮ ಹೀಗೆ. ಮೊದಲು ಮೀನಖಂಡ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿ ಗಾಳಿಯಲ್ಲಿರಲಿ, ಕೈ ಗೋಡೆಗೆ. ಮೇಲಕ್ಕೆ ಎದ್ದು, ಮೂರು ಎಣಿಸುತ್ತಾ ಕೆಳಗಿಳಿಯಿರಿ. ಎರಡೂ ಕಾಲಿನಲ್ಲಿ 15ರಂತೆ ಮೂರು ಸುತ್ತು ಸಲೀಸಾದ ಮೇಲೆ ಒಂದೇ ಕಾಲಿನಲ್ಲಿ. ಒಂದು ಕಾಲಿನಲ್ಲಿ ನಡುವೆ ನಿಲ್ಲಿಸದೆ 25 ಆದರೆ ಮೀನಖಂಡ ಗಟ್ಟಿ ಇದೆ ಅಂತ ಅರ್ಥ. ನಮ್ಮಲ್ಲಿ ಬಹಳ ಜನ 12ಕ್ಕೇ ನಡುಗುತ್ತಾರೆ, ನೀವೇ ನಾಳೆ ಮಾಡಿ ನೋಡಿ. ಇದನ್ನೇ ಮೊಣಕಾಲು ಸ್ವಲ್ಪ ಮಡಚಿಕೊಂಡು ಇನ್ನೊಂದು ಸುತ್ತು ಮಾಡಿದರೆ ಒಳಗಿನ ಸ್ನಾಯುವಿಗೂ ಕೆಲಸ ಸಿಗುತ್ತದೆ.

ಆಮೇಲೆ ಒಂಟಿ ಕಾಲಿನ ಬಸ್ಕಿ. ಹಿಂದಿನ ಕಾಲಿನ ಪಾದ ಕುರ್ಚಿ ಮೇಲಿಟ್ಟು, ಮುಂದಿನ ಕಾಲಿನಲ್ಲಿ ಕೂತು ಏಳುವುದು. ಕಾಲಿಗೆ ಎಂಟರಂತೆ ಮೂರು ಸುತ್ತು. ಕೂರುವಾಗ ಮೊಣಕಾಲು ಒಳಕ್ಕೆ ವಾಲುತ್ತಿದೆಯಾ ಅಂತ ಕನ್ನಡಿಯಲ್ಲಿ ನೋಡಿ. ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ. ನೆಲದಲ್ಲಿ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವ ಪ್ಲ್ಯಾಂಕ್ ಇವು ಅದಕ್ಕೇ. ಕೊನೆಗೆ ಹತ್ತು ದಂಡ.

ಮೂರ್ನಾಲ್ಕು ವಾರಕ್ಕೆ ಬರೀ ಮೈ ಭಾರ ಸಾಕಾಗುವುದಿಲ್ಲ. ಜಿಮ್ ಇದ್ದರೆ ಸರಿ. ಇಲ್ಲದಿದ್ದರೆ ಹಳೆಯ ಸ್ಕೂಲ್ ಬ್ಯಾಗಿಗೆ ಐದು ಕೆಜಿ ಅಕ್ಕಿ ಪ್ಯಾಕೆಟ್ ಎರಡು ಹಾಕಿ ಬೆನ್ನಿಗೇರಿಸಿ. ಕುಡಿಯುವ ನೀರಿನ ಕ್ಯಾನ್ ತುಂಬಿದಾಗ 20 ಕೆಜಿ ತೂಗುತ್ತದೆ. ಅದನ್ನು ಗೇಟಿನಿಂದ ಎರಡನೇ ಮಹಡಿಗೆ ಅರ್ಧ ದಾರಿ ಎಡಗೈಯಲ್ಲಿ, ಅರ್ಧ ದಾರಿ ಬಲಗೈಯಲ್ಲಿ ಹೊತ್ತರೆ ಅದೇ ಒಂದು ವ್ಯಾಯಾಮ. ಮನೆಯವರಿಗೂ ಖುಷಿ.

ನೋವಿನ ಲೆಕ್ಕ: ಸ್ನಾಯು ಹಿಡಿದುಕೊಂಡದ್ದು ಎರಡು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಮಾರನೇ ಬೆಳಿಗ್ಗೆ ಜಾಸ್ತಿಯಾದ ನೋವು ಬೇರೆ. ಅದು ಬಂದರೆ ಭಾರ ಇಳಿಸಿ, ಹೋಗದಿದ್ದರೆ ಫಿಸಿಯೋಗೆ ತೋರಿಸಿ.

ಹೆಜ್ಜೆ 5: ಬೇರೆ ಏನಾದರೂ ಆಡಿ

ಗುರುವಾರದ ಓಟದ ಜಾಗದಲ್ಲಿ ಯಾವಾಗ ಬೇಕಾದರೂ ಸೈಕಲ್, ಈಜು, ಬೆಟ್ಟ ಹತ್ತುವುದು ಇಟ್ಟುಕೊಳ್ಳಬಹುದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಇದೆ, ಇನ್ನೇನು ಬೇಕು? ಕರಾವಳಿಯವರಿಗೆ ಮಳೆ ಹಿಡಿಯುವ ಮುಂಚೆ ಕಡಲ ತೀರದ ಮರಳು. ಜೂನ್ ಬಂದ ಮೇಲೆ ಕಡಲಿಗಾಗಲಿ, ಕೆರೆ, ಕಲ್ಲು ಕ್ವಾರಿಗಾಗಲಿ ಈಜಲು ಇಳಿಯಬೇಡಿ. ಮಲೆನಾಡಿನ ಚಾರಣಕ್ಕೆ ಹೋಗುವವರು ಅರಣ್ಯ ಇಲಾಖೆಯ ಪರವಾನಗಿ ಇದೆಯಾ, ಮಳೆಗೆ ದಾರಿ ಮುಚ್ಚಿದ್ದಾರಾ ಅಂತ ಮೊದಲೇ ನೋಡಿಕೊಳ್ಳಿ. ಉಂಬಳಕ್ಕೆ ಉಪ್ಪು ಮರೆಯಬೇಡಿ.

ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ದಮ್ಮಿನದ್ದಲ್ಲ. ಓಟದಲ್ಲಿ ನಾವೆಲ್ಲ ಹತ್ತು ವರ್ಷದ ಅನುಭವಿಗಳು, ಸೆಕೆಂಡಿಗೆ ಸೆಕೆಂಡು ಲೆಕ್ಕ. ಈಜುಕೊಳದಲ್ಲಿ ಎಂಟು ವರ್ಷದ ಹುಡುಗಿ ಪಕ್ಕದಿಂದ ಸರ್ರನೆ ದಾಟಿಕೊಂಡು ಹೋಗುತ್ತಾಳೆ. ಅಲ್ಲಿ ಯಾವ ಪಿಬಿಯೂ (ಪರ್ಸನಲ್ ಬೆಸ್ಟ್, ಸ್ವಂತ ದಾಖಲೆ) ಇಲ್ಲ, ಯಾರ ಜೊತೆಗೂ ಹೋಲಿಕೆ ಇಲ್ಲ. ಆ ಹಗುರ ಬೇರೆಲ್ಲೂ ಸಿಗುವುದಿಲ್ಲ.

ಹೆಜ್ಜೆ 6: ಬಿಸಿಲಿಗೂ ಮಳೆಗೂ ಬೇರೆ ಬೇರೆ ಸಿದ್ಧತೆ

ಉತ್ಸಾಹ ಇಲ್ಲ ಅಂತ ನಾವು ಹೇಳುವ ಅರ್ಧ ಸಲ ನಿಜವಾದ ತೊಂದರೆ ಹವಾಮಾನದ್ದು. ಮೇ ತಿಂಗಳಲ್ಲಿ ಸೂರ್ಯ ಆರಕ್ಕೆ ಮುಂಚೆಯೇ ಹುಟ್ಟುತ್ತಾನೆ. ಬೆಂಗಳೂರಿನಲ್ಲಿ ಏಳರವರೆಗೂ ಓಡಬಹುದು. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುವಾಗ ಐದಕ್ಕೇ ಹೊರಟು ಆರಕ್ಕೆ ವಾಪಸ್ ಬರಬೇಕು. ಮೈ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಪೇಸ್ ನಿಧಾನವಾಗುತ್ತದೆ. ಅದನ್ನು ಸೋಲು ಅಂದುಕೊಳ್ಳಬೇಡಿ, ಪೇಸ್ ನೋಡಲೇಬೇಡಿ. ಓಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಸಾಕು. ಒಂದು ಗಂಟೆಯೊಳಗಿನ ಓಟಕ್ಕೆ ಎನರ್ಜಿ ಜೆಲ್‌ಗೆ ದುಡ್ಡು ಸುರಿಯುವುದು ಬೇಡ. ತಲೆ ಸುತ್ತು, ಚಳಿ ಚಳಿ, ಬೆವರು ನಿಂತಂತೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ, ನೆರಳಿಗೆ ಹೋಗಿ, ಮೈಗೆ ನೀರು ಹಾಕಿಕೊಳ್ಳಿ.

ಮೇ ಕೊನೆಗೆ ರೋಹಿಣಿ ಮಳೆ, ಜೂನ್ ಎರಡನೇ ವಾರಕ್ಕೆ ಮೃಗಶಿರ. ಸಂಜೆ ಓಡುವವರಿಗೆ ಗುಡುಗು ಮಿಂಚಿನ ಕಾಟ. ಮಿಂಚು ಶುರುವಾದರೆ ಕಬ್ಬನ್ ಪಾರ್ಕಿನ ದೊಡ್ಡ ಮರದ ಕೆಳಗೆ ನಿಲ್ಲಬೇಡಿ, ಕಟ್ಟಡದ ಒಳಗೆ ಹೋಗಿ. ಬೆಳಗಿನ ಜಿನುಗು ಮಳೆಗೆ ಮಾತ್ರ ಹೆದರಬೇಕಿಲ್ಲ. ಮಂಗಳೂರು, ಉಡುಪಿಯವರು ಮಳೆ ನಿಲ್ಲಲಿ ಅಂತ ಕಾದರೆ ಆಗಸ್ಟ್ ಬರುತ್ತದೆ. ಮುಂದೆ ಚಾಚಿದ ಅಂಚಿನ ಟೋಪಿ ಹಾಕಿದರೆ ಕಣ್ಣಿಗೆ ನೀರು ಬೀಳುವುದಿಲ್ಲ. ಹತ್ತಿ ಬಟ್ಟೆ ಬೇಡ. ತೊಡೆ ಸಂದಿ, ಕಂಕುಳಿಗೆ ವ್ಯಾಸಲೀನ್. ಫೋನ್ ಹಾಲಿನ ಕವರಿಗಾದರೂ ಹಾಕಿ. ನೀರು ನಿಂತ ರಸ್ತೆಗೆ ಮಾತ್ರ ಕಾಲಿಡಬೇಡಿ. ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು, ಕರೆಂಟಿನ ವೈರ್ ಬಿದ್ದಿರಬಹುದು, ಇಲಿ ಜ್ವರ ಹರಡುವುದೂ ಅದೇ ನೀರಿನಿಂದ.

ಇನ್ನು ಒದ್ದೆ ಶೂ. ಮಳೆಗಾಲದಲ್ಲಿ ಎರಡನೇ ದಿನದ ಓಟ ತಪ್ಪಿಸುವುದು ಇದೇ. ಬಂದ ಕೂಡಲೇ ಲೇಸ್ ಬಿಚ್ಚಿ, ನಾಲಿಗೆ ಹೊರಕ್ಕೆಳೆದು, ಒಳಗಿನ ಅಟ್ಟೆ ತೆಗೆದು ಬೇರೆ ಇಡಿ. ನ್ಯೂಸ್ ಪೇಪರ್ ಮುದುಡಿ ಮೂಗಿನ ತುದಿಯವರೆಗೂ ತುರುಕಿ. ಒಂದು ಗಂಟೆಗೆ ಆ ಕಾಗದ ತೊಯ್ದು ಹಿಟ್ಟಿನ ಮುದ್ದೆ ಥರ ಆಗಿರುತ್ತದೆ. ತೆಗೆದು ಹೊಸದು ತುರುಕಿ, ಫ್ಯಾನ್ ಕೆಳಗೆ ಒರಗಿಸಿಡಿ. ಸ್ಟೌ ಪಕ್ಕ, ಹೀಟರ್ ಮುಂದೆ ಇಟ್ಟರೆ ಅಂಟು ಬಿಡುತ್ತದೆ. ಹಳೆಯ ಜೋಡಿ ಇದ್ದರೆ ಎಸೆಯದೆ ಇಟ್ಟುಕೊಂಡು, ಒಂದು ದಿನ ಅದು, ಒಂದು ದಿನ ಇದು ಹಾಕಿ. ಅಡಿ ಪೂರ್ತಿ ಸವೆದದ್ದು ಮಾತ್ರ ಬೇಡ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ.

ಹೆಜ್ಜೆ 7: ಗುಂಪು ಬಿಡಬೇಡಿ, ಸ್ಟ್ರಾವಾ ಬಿಟ್ಟರೂ ನಡೆಯುತ್ತದೆ

ಬೆಂಗಳೂರಿನ ಓಟದ ಗುಂಪುಗಳಲ್ಲಿ ಭಾನುವಾರ ಓಟ ನೆಪ, ದೋಸೆ ಗುರಿ. ಆಫ್ ಸೀಸನ್‌ನಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬಹುದು. ಯಾವ ದರ್ಶಿನಿಗೆ ಹೋಗೋಣ ಅಂತ ಮೊದಲು ತೀರ್ಮಾನಿಸಿ, ಅಲ್ಲಿಗೆ ಮುಗಿಯುವಂತೆ ದಾರಿ ಹಾಕಿ. ಒಬ್ಬರೇ ಇದ್ದಾಗ ಏಳದವರು, "ಸಾರ್, ಐದೂವರೆಗೆ ಗೇಟ್ ಹತ್ರ ಇರ್ತೀನಿ" ಅಂತ ಒಂದು ಮೆಸೇಜ್ ಬಂದರೆ ಎದ್ದು ಹೋಗುತ್ತಾರೆ. ಗುಂಪು ಇಲ್ಲದ ಊರಿನಲ್ಲಿ ಒಬ್ಬ ಜೊತೆಗಾರ ಸಾಕು.

ಹೊಸಬರೊಬ್ಬರನ್ನು ಓಟಕ್ಕೆ ಹಚ್ಚುವುದು ಇನ್ನೂ ಒಳ್ಳೆಯದು. ತಂಗಿಯೋ ಭಾವನೋ ಆಫೀಸಿನವರೋ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ 20 ನಿಮಿಷದಿಂದ ಶುರು. ಅವರು ಮೊದಲ ಸಲ ನಿಲ್ಲದೆ ಹತ್ತು ನಿಮಿಷ ಓಡಿದ ದಿನ ನಿಮ್ಮ ನಾಲ್ಕು ಪಿಬಿಗಳಿಗಿಂತ ಜಾಸ್ತಿ ಖುಷಿ ಕೊಡುತ್ತದೆ.

ಓಟದ ಲೆಕ್ಕ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಮಾತ್ರ ಸದಾ ಯಾರದ್ದೋ ಸೀಸನ್ ನಡೆಯುತ್ತಿರುತ್ತದೆ. ನೀವು ಮಲಗಿದ್ದಾಗ ಇನ್ಯಾರೋ 24 ಕಿಲೋಮೀಟರ್ ಹಾಕಿರುತ್ತಾರೆ. ಜೂನ್ ಮುಗಿಯುವವರೆಗೆ ನೋಟಿಫಿಕೇಶನ್ ಆಫ್ ಮಾಡಿ. ಬೆಂಗಳೂರಿನಲ್ಲಿ ಯಾವ ಭಾನುವಾರಕ್ಕೂ ಒಂದಲ್ಲ ಒಂದು ಸಣ್ಣ ಓಟ ಇದ್ದೇ ಇರುತ್ತದೆ. ಟೀ ಶರ್ಟ್ ಆಸೆಗೆ ಅವಕ್ಕೆಲ್ಲ ಹೆಸರು ಕೊಟ್ಟರೆ ಆಫ್ ಸೀಸನ್ ಕೈಜಾರಿ ಹೋಗುತ್ತದೆ.

ಮನೆಯವರ ಸಾಲ ತೀರಿಸುವುದಕ್ಕೂ ಇದೇ ಕಾಲ. ಎಂಟು ತಿಂಗಳು ಭಾನುವಾರ ಬೆಳಿಗ್ಗೆ ನೀವು ಮನೆಯಲ್ಲಿರಲಿಲ್ಲ. ಜೂನ್‌ನ ಒಂದೆರಡು ಭಾನುವಾರ ಕಾಫಿ ನೀವೇ ಮಾಡಿ ಕೊಟ್ಟರೆ ಅಕ್ಟೋಬರ್‌ನಲ್ಲಿ ಲಾಂಗ್ ರನ್‌ಗೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ಹೆಜ್ಜೆ 8: ಮನಸ್ಸೇ ಇಲ್ಲದ ಬೆಳಿಗ್ಗೆಗೆ

ರಾತ್ರಿಯೇ ಬಟ್ಟೆ, ಸಾಕ್ಸ್, ಮನೆ ಕೀ ಒಂದೇ ಕಡೆ ಇಡಿ. "ನಾಳೆ ಓಡ್ತೀನಿ" ಅನ್ನಬೇಡಿ. "ಹಾಲು ಕಾಯಲು ಇಟ್ಟ ಕೂಡಲೇ ಶೂ ಹಾಕ್ತೀನಿ, ಮಳೆ ಜೋರಿದ್ದರೆ ಮೆಟ್ಟಿಲಲ್ಲಿ ಮೀನಖಂಡದ ವ್ಯಾಯಾಮ" ಅಂತ ಬಿಡಿಸಿ ಹೇಳಿಕೊಳ್ಳಿ. ಹೊರಟ ಮೇಲೆ ಹತ್ತು ನಿಮಿಷ. ಹತ್ತು ನಿಮಿಷಕ್ಕೂ ಬೇಡ ಅನ್ನಿಸಿದರೆ ವಾಪಸ್ ಬನ್ನಿ, ತಪ್ಪೇನಿಲ್ಲ.

ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಅಂದುಕೊಳ್ಳುವವರಿಗೆ ಒಂದು ಸಮಾಧಾನ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ತಂಡ ಅಭ್ಯಾಸ ಹೇಗೆ ಬೇರೂರುತ್ತದೆ ಅಂತ ನೋಡಿತ್ತು. ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಇನ್ನು ಕೆಲವರಿಗೆ ಇನ್ನೂರಕ್ಕೂ ಹೆಚ್ಚು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಹಾಗಾಗಿ "ದಿನಾ ಓಡ್ತೀನಿ, ಒಂದು ದಿನವೂ ಬಿಡಲ್ಲ" ಅನ್ನುವ ಸ್ಟ್ರೀಕ್ ಸವಾಲುಗಳು ನನಗೆ ಇಷ್ಟ ಇಲ್ಲ. ಕಡಿದ ದಿನ ಮನಸ್ಸೂ ಕಡಿಯುತ್ತದೆ.

ಮನಸ್ಸಿನ ತೊಂದರೆ ಅಲ್ಲದಿದ್ದರೆ

ಮೂರು ವಾರ ವಿಶ್ರಾಂತಿ ಆದ ಮೇಲೂ ಸುಸ್ತು ಹೋಗದಿದ್ದರೆ ಬೈದುಕೊಳ್ಳುವುದು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಥೈರಾಯ್ಡ್. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ತಳ ಹಿಡಿದಿರಬಹುದು, ಅದರಲ್ಲೂ ಹೆಣ್ಣುಮಕ್ಕಳಿಗೆ. ಸಸ್ಯಾಹಾರಿಗಳಿಗೆ ಬಿ12 ಕೊರತೆ ಸಾಮಾನ್ಯ. ಬೆಳಿಗ್ಗೆ ಏಳುವ ಮುಂಚಿನ ಎದೆ ಬಡಿತ ವಾರಗಟ್ಟಲೆ ಮಾಮೂಲಿಗಿಂತ ಜಾಸ್ತಿ ಇದ್ದರೆ, ಮುಟ್ಟು ನಿಂತಿದ್ದರೆ, ನಿದ್ದೆ ಕೆಟ್ಟಿದ್ದರೆ ಡಾಕ್ಟರಿಗೆ ಹೇಳಿ. ಓಡುವಾಗ ಎದೆ ನೋವು ಬಂದರೆ ಕಾಯಲೇಬೇಡಿ. ಓಟ ಮಾತ್ರವಲ್ಲ, ಊಟ, ಗೆಳೆಯರು, ಮನೆ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತಿದ್ದರೆ ಅದು ಆಫ್ ಸೀಸನ್ ಅಲ್ಲ. ಮನೋವೈದ್ಯರ ಹತ್ತಿರ ಹೋಗುವುದು ಮೊಣಕಾಲು ತೋರಿಸಲು ಹೋದಷ್ಟೇ ಸಹಜ.

ಹೆಜ್ಜೆ 9: ಹೆಸರು ಕೊಡಿ, ಹಿಂದಕ್ಕೆ ಎಣಿಸಿ

ಜೂನ್ ಮಧ್ಯದಲ್ಲಿ ಒಂದು ಮುಖ್ಯ ರೇಸ್ ಆರಿಸಿ ದುಡ್ಡು ಕಟ್ಟಿ. ವಿಶ್ರಾಂತಿಯ ವಾರಗಳಲ್ಲೇ ಕಟ್ಟಬೇಡಿ. ಆಗ ಕಟ್ಟಿದರೆ ಉತ್ಸಾಹಕ್ಕಿಂತ ಗಾಬರಿ ಜಾಸ್ತಿ ಇರುತ್ತದೆ. ಹಾಫ್‌ಗೆ 12 ವಾರ, ಫುಲ್‌ಗೆ 16 ವಾರ ಹಿಂದಕ್ಕೆ ಎಣಿಸಿ. ಅಕ್ಟೋಬರ್ ಎರಡನೇ ಭಾನುವಾರ ಹಾಫ್ ಇದ್ದರೆ ಜುಲೈ ಮಧ್ಯಕ್ಕೆ ಶುರು. ಹೈದರಾಬಾದ್ ಹಾಫ್‌ಗೆ ಹೋಗುವವರು ಜೂನ್ ಮೊದಲ ವಾರದಲ್ಲೇ ಶುರು ಮಾಡಬೇಕು. ನಿಮ್ಮ ಆಫ್ ಸೀಸನ್ ಐದೇ ವಾರ, ಹೆಸರನ್ನೂ ಮೇ ಕೊನೆಗೇ ಕೊಟ್ಟುಬಿಡಿ. ಹಾಗಿದ್ದರೂ ಮೊದಲಿನ ಪೂರ್ತಿ ವಿಶ್ರಾಂತಿಗೆ ಕತ್ತರಿ ಹಾಕಬೇಡಿ, ನಡುವಿನ ವಾರಗಳನ್ನು ಕಮ್ಮಿ ಮಾಡಿ.

ಆಫ್ ಸೀಸನ್‌ನ ಕೊನೆಯ ವಾರ ಒಂದು ಪರೀಕ್ಷೆ. ಸದಾ ಓಡುವ ಜಾಗದಲ್ಲೇ, ಕುಕ್ಕರಹಳ್ಳಿ ಕೆರೆ ಆಗಲಿ ಉಣಕಲ್ ಕೆರೆ ಆಗಲಿ, 20 ನಿಮಿಷ ಸಮನಾಗಿ ಜೋರಾಗಿ ಓಡಿ ಎಷ್ಟು ದೂರ ಆಯಿತು ಅಂತ ಬರೆದಿಡಿ. ಏಪ್ರಿಲ್‌ಗಿಂತ ಕಮ್ಮಿ ಬರುವುದೇ ಸಹಜ. ಒಂಟಿ ಕಾಲಿನ ಮೀನಖಂಡದ ಎಣಿಕೆಯನ್ನೂ ಪಕ್ಕದಲ್ಲಿ ಬರೆಯಿರಿ, ಅದು ಏರಿರಬೇಕು. ಏರಿಲ್ಲದಿದ್ದರೆ ಸೋಮವಾರ-ಶುಕ್ರವಾರ ಎಲ್ಲಿ ಹೋದವು ಅಂತ ನಿಮಗೇ ಗೊತ್ತಿರುತ್ತದೆ.

ಪ್ಲಾನಿನ ಮೊದಲ ವಾರ ಹಳೆಯ ವಾರದ ಕಿಲೋಮೀಟರ್‌ನ ಶೇ 60ರಷ್ಟು ಸಾಕು. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ. ಶಕ್ತಿ ವ್ಯಾಯಾಮ ವಾರಕ್ಕೆ ಒಂದು ಸಲಕ್ಕೆ ಇಳಿಯಲಿ, ನಿಲ್ಲುವುದು ಬೇಡ. ಮೊದಲ ಎರಡು ವಾರ ಇಂಟರ್ವಲ್‌ಗಳನ್ನು (ಜೋರು-ನಿಧಾನದ ಸರದಿ) ಮೀಟರ್‌ನಲ್ಲಿ ಅಳೆಯದೆ ನಿಮಿಷದಲ್ಲೇ ಇಟ್ಟುಕೊಳ್ಳಿ. ಟ್ರ್ಯಾಕ್‌ಗೆ ಇಳಿದು 400 ಮೀಟರ್‌ಗೆ ವಾಚ್ ಒತ್ತುವುದನ್ನು ಮೂರನೇ ವಾರದಿಂದ ಶುರು ಮಾಡಬಹುದು.